ಪ್ರಿನ್ಸಸ್ ಟೌನ್‌ನಲ್ಲಿ ಮನೆತನದ ಜಾಡು ಹಿಡಿಯುವುದು ಹೇಗೆ: ಟ್ರಿನಿಡಾಡಿನ ಒಂದು ಊರು, ಅದರ ಕಡತಗಳು

ಟೊರಾಂಟೋದಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಕೆರಿಬಿಯನ್ ದ್ವೀಪವಾದ ಟ್ರಿನಿಡಾಡಿನ ಪ್ರಿನ್ಸಸ್ ಟೌನ್ ಕಡೆಯವರು. ಹಿಂದೆ ಭಾರತದಿಂದ ಅಲ್ಲಿನ ಕಬ್ಬಿನ ಎಸ್ಟೇಟುಗಳಿಗೆ ಹಡಗಿನಲ್ಲಿ ಕರಾರು ಕೂಲಿಗಳಾಗಿ ಹೋದವರ ವಂಶ ಅವರದು. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಬೇಲಿಯಾಚೆಯಿಂದ ಹಳೇ ಬಿಸ್ಕತ್ತಿನ ಡಬ್ಬವೊಂದನ್ನು ಕೈಗಿಟ್ಟು, "ಬೇಟಾ, ನೀನು ಇಂಡಿಯಾದವನಲ್ಲವೇ, ನಮ್ಮ ಆಜಿಯ ಅಮ್ಮ ಯಾವ ಊರಿನವಳು ಅಂತ ಹುಡುಕಿಕೊಡು" ಅಂದರು. ಇಂಡಿಯಾದವನು ಅನ್ನುವುದಷ್ಟೇ ನನ್ನ ಅರ್ಹತೆ. ಡಬ್ಬದಲ್ಲಿದ್ದದ್ದು ಅಂತ್ಯಕ್ರಿಯೆಯ ದಿನ ಹಂಚಿದ ಮೂರು ಕಾರ್ಡು, ಒಂದು ಕಂದಾಯದ ರಸೀದಿ, ಗೆದ್ದಲು ತಿಂದ ಒಂದು ಜನನ ಪತ್ರ.

2025ರ ಜುಲೈನಲ್ಲಿ ಪ್ರಧಾನಿ ಮೋದಿ ಟ್ರಿನಿಡಾಡಿಗೆ ಹೋಗಿ, ಅಲ್ಲಿನ ಭಾರತೀಯ ಮೂಲದವರ ಆರನೇ ತಲೆಮಾರಿಗೂ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಕೊಡುತ್ತೇವೆ ಎಂದ ಮೇಲೆ ಆಂಟಿಯ ನೆಂಟರಿಷ್ಟರೆಲ್ಲ ನನಗೇ ಫೋನ್ ಮಾಡತೊಡಗಿದರು. ಹೇಳಿದ್ದನ್ನೇ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಗೂ ಟ್ರಿನಿಡಾಡಿನ ಸೊಸೆಯೋ ಅಳಿಯನೋ ಬಂದಿದ್ದರೆ ಈ ಕೆಲಸ ನಿಮ್ಮ ತಲೆಗೇ ಬೀಳುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಊರಿನ ಕಡತಗಳಲ್ಲಿ ಹೆಸರಿನಷ್ಟು ಕೈಕೊಡುವ ಸಾಕ್ಷಿ ಇನ್ನೊಂದಿಲ್ಲ. ಹಡಗಿನಲ್ಲಿ ಬಂದ ಪ್ರತಿ ಕೂಲಿಗೂ ಕೊಟ್ಟ ನಂಬರು, ದುಡಿದ ಎಸ್ಟೇಟು, ತಾಯಿ, ಈ ಮೂರನ್ನು ಬಿಗಿಯಾಗಿ ಹಿಡಿಯಿರಿ.

ಹೆಜ್ಜೆ 1: ಊರಿನ ಹಳೇ ಹೆಸರುಗಳನ್ನು ಬರೆದಿಟ್ಟುಕೊಳ್ಳಿ

ಪ್ರಿನ್ಸಸ್ ಟೌನ್ ಇರುವುದು ದಕ್ಷಿಣ ಟ್ರಿನಿಡಾಡಿನಲ್ಲಿ, ಸ್ಯಾನ್ ಫರ್ನಾಂಡೋ ನಗರದ ಪೂರ್ವಕ್ಕೆ. 1880ಕ್ಕೆ ಮುಂಚೆ ಈ ಹೆಸರೇ ಇರಲಿಲ್ಲ. ಸ್ಪೇನಿನ ಆಳ್ವಿಕೆಯಲ್ಲಿ ಕಪುಚಿನ್ ಪಾದ್ರಿಗಳು ಮೂಲನಿವಾಸಿಗಳನ್ನು ಒಂದೆಡೆ ಕೂಡಿಸಿ ಇಲ್ಲಿ ಸವಾನಾ ಗ್ರಾಂದೆ ಎಂಬ ಮಿಶನ್ ಕಟ್ಟಿದ್ದರು. ಜನರ ಬಾಯಲ್ಲಿ ಊರು ಬರೀ 'ಮಿಶನ್' ಆಗಿತ್ತು. 1880ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳಾದ ಆಲ್ಬರ್ಟ್ ಮತ್ತು ಜಾರ್ಜ್ ಬಂದು ಸೇಂಟ್ ಸ್ಟೀಫನ್ಸ್ ಚರ್ಚಿನ ಅಂಗಳದಲ್ಲಿ ಒಂದೊಂದು ಪೂಯಿ ಗಿಡ ನೆಟ್ಟು ಹೋದರು. ಊರು ರಾಜಕುಮಾರರ ಹೆಸರಿಗಾಯಿತು. ಹಾಗಾಗಿ 1870ರ ದಾಖಲೆಯಲ್ಲಿ 'ಪ್ರಿನ್ಸಸ್ ಟೌನ್' ಹುಡುಕಿದರೆ ಏನೂ ಸಿಗುವುದಿಲ್ಲ. 'ಮಿಶನ್', 'ಸವಾನಾ ಗ್ರಾಂದೆ ವಾರ್ಡ್', 'ವಿಕ್ಟೋರಿಯಾ ಕೌಂಟಿ' ಎಂದು ಹುಡುಕಬೇಕು.

ಸುತ್ತಲಿನ ಎಸ್ಟೇಟು, ಹಳ್ಳಿಗಳ ಹೆಸರು ಇನ್ನೂ ಮುಖ್ಯ: ಕ್ರೇಗ್ನಿಷ್, ಸೀಡರ್ ಹಿಲ್, ಲೆಂಗ್ವಾ, ಬ್ಯಾರಕ್‌ಪೋರ್, ಇಯೆರೆ ವಿಲೇಜ್. ಮಾಲ್‌ಗ್ರೆತೂ ಅಂತ ಒಂದಿದೆ; ಫ್ರೆಂಚಿನಲ್ಲಿ 'ಏನೇ ಆದರೂ ಸರಿ' ಎಂದರ್ಥ. ಬ್ಯುಯೆನ್ ಇಂಟೆಂಟೋ ಸ್ಪ್ಯಾನಿಷ್ ಹೆಸರು, ಒಳ್ಳೆಯ ಉದ್ದೇಶ ಎಂದು. ಹಿಂದೂಸ್ತಾನ್ ಎಂಬ ಹಳ್ಳಿಯೂ ಇದೆ. ಕಬ್ಬಿನ ಎಸ್ಟೇಟಿನ ಬ್ಯಾರಕ್ಕುಗಳೆಂದರೆ ನಮ್ಮ ಕೊಡಗು, ಚಿಕ್ಕಮಗಳೂರಿನ ಲೈನ್ ಮನೆಗಳನ್ನು ನೆನೆಸಿಕೊಳ್ಳಿ. ಜನ ಊರಿನ ಹೆಸರಿಗಿಂತ ಎಸ್ಟೇಟಿನ ಹೆಸರಲ್ಲೇ ತಮ್ಮ ವಿಳಾಸ ಹೇಳುತ್ತಿದ್ದರು, ಗುಮಾಸ್ತ ಅದನ್ನೇ ಬರೆದುಕೊಳ್ಳುತ್ತಿದ್ದ. ನಕ್ಷೆ ಎದುರಿಗಿಟ್ಟುಕೊಂಡು ಎಸ್ಟೇಟುಗಳನ್ನು ಗುರುತು ಹಾಕಿ. ಇದಕ್ಕೆ ಒಂದು ಭಾನುವಾರ ಹೋದರೂ ಚಿಂತೆಯಿಲ್ಲ.

ಹೆಜ್ಜೆ 2: ಮನೆಯವರ ಮಾತು, ಸಂಬಂಧದ ಪದಗಳು

ಹಿರಿಯರ ಹತ್ತಿರ ಕೂತಾಗ ಹೆಸರಿಗಿಂತ ಮೊದಲು ಸಂಬಂಧದ ಪದ ಕೇಳಿ. ಟ್ರಿನಿಡಾಡಿನ ಭೋಜಪುರಿ ಮನೆಮಾತು ಬಹುತೇಕ ಮರೆಯಾಗಿದ್ದರೂ ಈ ಪದಗಳು ಉಳಿದಿವೆ. 'ಆಜಿ' ಅಂದರೆ ಅಪ್ಪನ ತಾಯಿ ಮಾತ್ರ. ಅಮ್ಮನ ತಾಯಿ 'ನಾನಿ'. ನಮ್ಮ 'ಅಜ್ಜಿ' ಎರಡೂ ಕಡೆಗೆ ಸಲ್ಲುವ ಪದವಾದ್ದರಿಂದ ಕನ್ನಡದವರು ಇಲ್ಲಿ ಎಡವುತ್ತೇವೆ. ನಾನೂ ಮೊದಲ ವಾರ ಆಂಟಿಯ ವಂಶವೃಕ್ಷದಲ್ಲಿ ಆಜಿಯನ್ನು ಅವರಮ್ಮನ ಕಡೆಗೆ ಬರೆದಿದ್ದೆ.

'ಜಹಾಜಿ' ಎಂಬ ಪದ ಬಂದರಂತೂ ಕಿವಿ ನೆಟ್ಟಗಾಗಬೇಕು. ಒಂದೇ ಹಡಗಿನಲ್ಲಿ ಬಂದವರು ಪರಸ್ಪರ ಜಹಾಜಿ ಭಾಯಿ, ಜಹಾಜಿ ಬೆಹನ್ ಆಗುತ್ತಿದ್ದರು. ಆ ನಂಟು ಎಷ್ಟು ಗಟ್ಟಿಯೆಂದರೆ ಅವರ ಮಕ್ಕಳ ನಡುವೆ ಮದುವೆಯನ್ನೂ ಮಾಡದ ಮನೆಗಳಿದ್ದವು. ನೀವು 'ಮುತ್ತಜ್ಜನ ತಮ್ಮ' ಎಂದು ಬರೆದುಕೊಂಡವರು ರಕ್ತಸಂಬಂಧಿಯೇ ಅಲ್ಲದಿರಬಹುದು. ಆದರೂ ಬಿಡಬೇಡಿ. ಅವರು ಬಂದ ಹಡಗು ಯಾವುದೆಂದು ಗೊತ್ತಾದರೆ ನಿಮ್ಮವರ ಹಡಗೂ ಗೊತ್ತಾದಂತೆ.

ಸಾವಿನ ಸುದ್ದಿಯ ಪ್ರಕಟಣೆಗಳನ್ನು ಕೇಳಿ ಪಡೆಯಿರಿ. ಅಲ್ಲಿ ಪತ್ರಿಕೆಯಲ್ಲಷ್ಟೇ ಅಲ್ಲ, ರೇಡಿಯೋದಲ್ಲೂ ಸಾವಿನ ಪ್ರಕಟಣೆ ಓದುತ್ತಾರೆ: ಇಂಥವರ ಹೆಂಡತಿ, ಇಂಥವರ ತಾಯಿ, ಇಂಥ ಹಳ್ಳಿಯ ದಿವಂಗತ ಇಂಥವರ ತಂಗಿ, ಎಲ್ಲರೂ ಕರೆಯುತ್ತಿದ್ದ ಹೆಸರು ಇದು. ಈ ಕೊನೆಯದು ಬಂಗಾರ. ರಿಜಿಸ್ಟರಿನಲ್ಲಿರುವ ಹೆಸರು ಒಂದು, ಊರೆಲ್ಲ ಕರೆಯುವ ಹೆಸರು ಇನ್ನೊಂದು ಇರುವುದು ಅಲ್ಲಿ ಮಾಮೂಲು. ಜಮೀನಿನ ಪತ್ರಗಳಲ್ಲೂ ಎರಡನ್ನೂ ಜೊತೆಗೇ ಬರೆದಿರುತ್ತಾರೆ.

ಹೆಜ್ಜೆ 3: ಸಾವಿನಿಂದ ಹುಟ್ಟಿಗೆ, ಮಗುವಿನಿಂದ ತಾಯಿಗೆ

ಟ್ರಿನಿಡಾಡಿನಲ್ಲಿ ಜನನ ಮರಣಗಳ ಸರಕಾರಿ ನೋಂದಣಿ ಶುರುವಾದದ್ದು 1848ರಲ್ಲಿ. ಪ್ರಮಾಣಪತ್ರ ಕೊಡುವುದು ರಿಜಿಸ್ಟ್ರಾರ್ ಜನರಲ್ ಇಲಾಖೆ. ಇತ್ತೀಚೆಗೆ ತೀರಿಕೊಂಡವರ ಮರಣ ಪತ್ರದಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಸಾಧ್ಯವಾದರೆ ರಿಜಿಸ್ಟರಿನ ಪೂರ್ತಿ ಸಾಲಿನ ನಕಲು ಕೇಳಿ. ಚುಟುಕು ಪತ್ರದಲ್ಲಿ ನಿಮಗೆ ಬೇಕಾದ ಕಾಲಮುಗಳೇ ಇರುವುದಿಲ್ಲ.

ಆಜಿಯ ಜನನ ಪತ್ರ 1898ರದ್ದು. ಹುಟ್ಟಿದ ಜಾಗ: ಎಸ್ಟೇಟಿನ ಹೆಸರು. ಮಗುವಿನ ಹೆಸರು: ಇಲ್ಲ, ಬರೀ 'ಹೆಣ್ಣು'. ತಂದೆ: ಖಾಲಿ. ತಾಯಿ: ಒಂದೇ ಪದದ ಹೆಸರು, ಮುಂದೆ ಒಂದು ನಂಬರು, ಅದರ ಕೊನೆಯ ಎರಡು ಅಂಕಿ ಗೆದ್ದಲಿನ ಪಾಲು. ತಿಳಿಸಿದವರ ಸಹಿ: ಒಂದು ಗುಣಾಕಾರ ಚಿಹ್ನೆ. ಆಂಟಿ ಆ ಖಾಲಿ ಕಾಲಮನ್ನು ನೋಡಿ ಮುಖ ಸಣ್ಣದು ಮಾಡಿಕೊಂಡು, "ಹಾಗಾದರೆ ಆಜಿಗೆ ಅಪ್ಪ ಯಾರು ಅಂತಲೇ ಗೊತ್ತಿಲ್ಲವಾ?" ಅಂತ ಕೇಳಿದರು.

ಈ ಪ್ರಶ್ನೆ ನಿಮಗೂ ಎದುರಾಗುತ್ತದೆ, ಉತ್ತರ ತಿಳಿದಿರಲಿ. ಬಿದಿರಿನ ಮಂಟಪದ ಕೆಳಗೆ ಪಂಡಿತರು ಮಾಡಿಸಿದ ಮದುವೆಗೆ ವಸಾಹತು ಸರಕಾರದ ಲೆಕ್ಕದಲ್ಲಿ ಬೆಲೆ ಇರಲಿಲ್ಲ. ವಲಸಿಗರು ತಮ್ಮ ಮದುವೆಯನ್ನು ನೋಂದಾಯಿಸಲು 1881ರಲ್ಲೇ ಒಂದು ಕಾನೂನು ಬಂದಿತ್ತು, ಆದರೆ ಹಾಗೆ ನೋಂದಾಯಿಸಿದವರು ತೀರಾ ಕಡಿಮೆ. ಮುಸ್ಲಿಂ ಮದುವೆಗಳಿಗೆ ಮಾನ್ಯತೆ ಸಿಕ್ಕಿದ್ದು 1930ರ ದಶಕದಲ್ಲಿ, ಹಿಂದೂ ಮದುವೆಗಳಿಗೆ 1945ರ ಕಾನೂನಿನಿಂದ. ಅಲ್ಲಿಯತನಕ ಗಂಡ ಹೆಂಡತಿ ನಲವತ್ತು ವರ್ಷ ಸಂಸಾರ ಮಾಡಿದ್ದರೂ ಮಕ್ಕಳು ರಿಜಿಸ್ಟರಿನಲ್ಲಿ 'ಅನೈತಿಕ ಸಂತಾನ'. ಖಾಲಿ ಕಾಲಮು ಸರಕಾರದ ಕಾನೂನಿನ ಬಗ್ಗೆ ಹೇಳುತ್ತದೆ, ಆ ಮನೆಯ ಬಗ್ಗೆ ಅಲ್ಲ. ಇದನ್ನು ಹಿರಿಯರಿಗೆ ಮೊದಲೇ ಹೇಳಿಬಿಟ್ಟರೆ ಪತ್ರ ಬಂದ ದಿನ ಯಾರೂ ತಲೆ ತಗ್ಗಿಸಬೇಕಾಗುವುದಿಲ್ಲ.

ಹುಡುಕುವವರಿಗೆ ಇದರ ಅರ್ಥ ಏನೆಂದರೆ, ಅನುಕ್ರಮಣಿಕೆಯಲ್ಲಿ ಅಪ್ಪನ ಹೆಸರಿಗಿಂತ ತಾಯಿಯ ಹೆಸರು ಬೇಗ ದಾರಿ ತೋರಿಸುತ್ತದೆ. ಎಲ್ಲಾ ಒಡಹುಟ್ಟಿದವರ ಪತ್ರಗಳನ್ನೂ ತರಿಸಿ. ದುಡ್ಡು ದಂಡ ಅನ್ನಿಸುತ್ತದೆ, ಆದರೂ ತರಿಸಿ. ನಮಗೆ ಆ ಗೆದ್ದಲು ತಿಂದ ಎರಡು ಅಂಕಿ ಸಿಕ್ಕಿದ್ದು ಆಜಿಯ ತಮ್ಮನ ಜನನದ ಸಾಲಿನಲ್ಲಿ.

ಮನೆತನದ ಹೆಸರು ಅನ್ನುವುದು ಇಲ್ಲಿ ತಡವಾಗಿ ಬಂದದ್ದು. ಭಾರತದಿಂದ ಬಂದವರಿಗೆ ಇದ್ದದ್ದು ಒಂದೇ ಹೆಸರು. ಮಗ ಅಪ್ಪನ ಹೆಸರನ್ನು ಹಿಂದೆ ಸೇರಿಸಿಕೊಂಡ, ಮೊಮ್ಮಗ ಅದನ್ನೇ ಮನೆತನದ ಹೆಸರು ಮಾಡಿಕೊಂಡ. ಅಣ್ಣತಮ್ಮಂದಿರಿಗೆ ಬೇರೆ ಬೇರೆ ಮನೆತನದ ಹೆಸರು ಇರುವುದೂ ಉಂಟು. ಮೇಲಾಗಿ ಕಾಗುಣಿತ. ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದದ್ದೇ ಹೆಸರು: ದೇವನಾರಾಯಣ 'ಡಿಯೋನರೈನ್' ಆದ, ರಾಮಕೃಷ್ಣ 'ರಾಮ್‌ಕಿಸೂನ್' ಆದ, ಸುಖದೇವ 'ಸೂಕ್‌ಡಿಯೋ' ಆದ. ಪ್ರಿನ್ಸಸ್ ಟೌನ್ ಕಡೆ ಹುಟ್ಟಿ 1995ರಲ್ಲಿ ಪ್ರಧಾನಿಯಾದ ಬಾಸ್‌ಡಿಯೋ ಪಾಂಡೆ ಅವರ ಹೆಸರನ್ನು ನಮ್ಮ ಬಾಯಲ್ಲಿ ಹೇಳಿದರೆ ವಾಸುದೇವ. 2010ರಲ್ಲಿ ಪ್ರಧಾನಿಯಾದ ಕಮಲಾ ಪರ್ಸಾದ್-ಬಿಸ್ಸೆಸ್ಸರ್ ಅವರ ಬಿಸ್ಸೆಸ್ಸರ್ ಅಂದರೆ ವಿಶ್ವೇಶ್ವರ. ಹೆಸರನ್ನು ಜೋರಾಗಿ ಹೇಳಿಕೊಂಡು ನೋಡಿ. ಕಣ್ಣಿಗೆ ಗೊತ್ತಾಗದ್ದು ಕಿವಿಗೆ ಗೊತ್ತಾಗುತ್ತದೆ. ಈ ಕೆಲಸದಲ್ಲಿ ಭಾರತದಲ್ಲಿ ಬೆಳೆದವರಿಗೆ ಇರುವ ನಿಜವಾದ ಅನುಕೂಲ ಇದೊಂದೇ.

ಹೆಜ್ಜೆ 4: ನಂಬರಿನಿಂದ ಹಡಗಿಗೆ

ಫಾತೆಲ್ ರಜಾಕ್ ಎಂಬ ಹಡಗು ಕಲ್ಕತ್ತೆಯಿಂದ ಹೊರಟು 1845ರ ಮೇ 30ರಂದು ಟ್ರಿನಿಡಾಡ್ ಮುಟ್ಟಿತು. ಅಲ್ಲಿಂದ 1917ರವರೆಗೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಕರಾರು ಕೂಲಿಗಳಾಗಿ ಬಂದರು. ಐದು ವರ್ಷದ ಕರಾರು. ಅದಕ್ಕೆ ಗಿರ್ಮಿಟ್ ಅನ್ನುತ್ತಿದ್ದರು, 'ಅಗ್ರಿಮೆಂಟ್' ಪದ ಸವೆದು ಹಾಗಾದದ್ದು. (ಹುಬ್ಬಳ್ಳಿಯ ಗಿರ್ಮಿಟ್ ನೆನಪಾದರೆ ತಪ್ಪೇನಿಲ್ಲ, ನನಗೂ ಆಯಿತು.) ಬಂದ ಪ್ರತಿಯೊಬ್ಬರಿಗೂ ಒಂದು ನಂಬರು. ಗಂಡ ಹೆಂಡತಿ ಜೊತೆಗೆ ಬಂದರೂ ನಂಬರು ಬೇರೆ. ಕಾಗುಣಿತ ಹತ್ತು ಸಲ ಬದಲಾದರೂ ನಂಬರು ಬದಲಾಗುವುದಿಲ್ಲ. ಹಳೇ ಜನನ ಪತ್ರ, ಜಮೀನಿನ ಕಾಗದಗಳಲ್ಲಿ ಹೆಸರಿನ ಪಕ್ಕ ಯಾವುದಾದರೂ ದೊಡ್ಡ ಅಂಕಿ ಕಂಡರೆ ಅದನ್ನು ಮೊದಲು ಬರೆದುಕೊಳ್ಳಿ.

ಹಡಗುಗಳ ರಿಜಿಸ್ಟರುಗಳು ಪೋರ್ಟ್ ಆಫ್ ಸ್ಪೇನ್‌ನ ಸೇಂಟ್ ವಿನ್ಸೆಂಟ್ ಬೀದಿಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಟ್ರಿನಿಡಾಡ್, ಗಯಾನಾ, ಸುರಿನಾಮ್, ಫಿಜಿಗಳ ಈ ದಾಖಲೆಗಳನ್ನು 2011ರಲ್ಲಿ ಯುನೆಸ್ಕೋ ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಪತ್ರಾಗಾರಕ್ಕೆ ಬರೆಯುವಾಗ 'ನಮ್ಮ ಪೂರ್ವಜರ ಬಗ್ಗೆ ಮಾಹಿತಿ ಕೊಡಿ' ಎಂದು ಬರೆಯಬೇಡಿ. ನಂಬರು, ಹೆಸರಿನ ಎಲ್ಲಾ ರೂಪಗಳು, ಎಸ್ಟೇಟು, ಹೆಚ್ಚುಕಡಿಮೆ ಯಾವ ವರ್ಷ, ಇಷ್ಟನ್ನು ಒಂದೇ ಪುಟದಲ್ಲಿ ಕೊಡಿ. ನಂಬರು ಇಲ್ಲದಿದ್ದರೆ ಹಡಗಿನ ಹೆಸರು, ಅದೂ ಇಲ್ಲದಿದ್ದರೆ ಎಸ್ಟೇಟು.

ನಂಬರು ಸರಿಯಾಗಿದ್ದರೆ ತೆರೆದುಕೊಳ್ಳುವುದು ವಲಸೆ ಪಾಸು. ಆಂಟಿಯ ಮುತ್ತಜ್ಜಿಯ ಪಾಸಿನ ಸಾಲುಗಳು ಹೀಗಿದ್ದವು: ವಯಸ್ಸು 20. ಎತ್ತರ 4 ಅಡಿ 11 ಅಂಗುಲ. ತಂದೆಯ ಹೆಸರು. ಜಾತಿ. ಜಿಲ್ಲೆ ಶಾಹಾಬಾದ್. ಠಾಣೆ. ಹಳ್ಳಿ. ಗುರುತು: ಎಡ ಮೊಣಕಾಲ ಕೆಳಗೆ ಗಾಯದ ಕಲೆ. ಜೊತೆಗೆ ಬಂದವರು: ಯಾರೂ ಇಲ್ಲ.

ಇಪ್ಪತ್ತರ ಹೆಣ್ಣುಮಗಳು ಒಬ್ಬಳೇ ಬಂದಿದ್ದಾಳೆ ಎಂದರೆ ಬೆರಗಾಗಬೇಡಿ. 100 ಗಂಡಸರಿಗೆ 40 ಹೆಂಗಸರಾದರೂ ಹಡಗಿನಲ್ಲಿ ಇರಬೇಕೆಂಬ ನಿಯಮವಿತ್ತು, ಆ ಸಂಖ್ಯೆ ತುಂಬಿಸಲು ಏಜೆಂಟರು ಹೆಣಗುತ್ತಿದ್ದರು. ವಿಧವೆಯರು, ಮನೆಬಿಟ್ಟವರು, ಬರಗಾಲಕ್ಕೆ ಸಿಕ್ಕವರು, ಅನೇಕರು ಒಂಟಿಯಾಗಿಯೇ ಬಂದರು. ಪಾಸಿನಲ್ಲಿರುವ ಜಾತಿಯನ್ನು ಮಾತ್ರ ಅನುಮಾನದಿಂದಲೇ ನೋಡಿ. ಕೇಳುವವನಿಗೆ ಬೇಕಾದದ್ದನ್ನು ಹೇಳಿದವರೂ ಇದ್ದರು, ಹಳೆಯದನ್ನು ದಡದಲ್ಲೇ ಬಿಟ್ಟು ಬಂದವರೂ ಇದ್ದರು. ವಯಸ್ಸೂ ಕಣ್ಣಂದಾಜು.

ನಾನು ಎಡವಿದ ಜಾಗ

ತಮ್ಮನ ಜನನದ ಸಾಲು ಸಿಗುವ ಮುಂಚೆಯೇ ನಾನು ಆತುರಪಟ್ಟಿದ್ದೆ. ಮುತ್ತಜ್ಜಿಯ ಹೆಸರಿನವಳೇ, ವಯಸ್ಸು ಹೊಂದುವವಳೇ ಒಬ್ಬಳು ಒಂದು ಪಟ್ಟಿಯಲ್ಲಿ ಕಂಡಳು. ಊರು ಬಸ್ತಿ ಜಿಲ್ಲೆ. ಆಂಟಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ. ಅವರು ಟ್ರಿನಿಡಾಡಿನ ಹದಿನೇಳು ಮನೆಗಳಿಗೆ ಹೇಳಿದರು, ಒಬ್ಬ ತಮ್ಮ ಬಸ್ತಿಗೆ ಟಿಕೆಟ್ಟಿನ ದರವನ್ನೂ ವಿಚಾರಿಸಿದ. ಐದು ತಿಂಗಳಾದ ಮೇಲೆ ಗೊತ್ತಾಯಿತು, ಆ ಹೆಂಗಸನ್ನು ಕಳಿಸಿದ್ದ ಎಸ್ಟೇಟು ದ್ವೀಪದ ಇನ್ನೊಂದು ಕಡೆಯದು. ಹದಿನೇಳು ಮನೆಗಳಿಗೆ ಮತ್ತೆ ಫೋನ್ ಮಾಡಿದ್ದು ಆಂಟಿಯೇ, ಬೈಸಿಕೊಂಡದ್ದೂ ಅವರೇ. ಅವತ್ತಿನಿಂದ ನನ್ನದು ಒಂದು ಕಟ್ಟುನಿಟ್ಟು: ಹೆಸರಲ್ಲದ ಎರಡು ಸಂಗತಿ ಹೊಂದದೆ ಯಾರನ್ನೂ ವಂಶವೃಕ್ಷಕ್ಕೆ ಏರಿಸುವುದಿಲ್ಲ. ನಂಬರು ಮತ್ತು ಎಸ್ಟೇಟು. ಇಲ್ಲವೇ ಎಸ್ಟೇಟು ಮತ್ತು ಹಡಗು.

ಅಂತರ್ಜಾಲದ ತಾಣಗಳಲ್ಲಿ ಬೇರೆಯವರು ಹಾಕಿರುವ ಸಿದ್ಧ ವಂಶವೃಕ್ಷಗಳಿಗೂ ಇದೇ ಅಳತೆ.

ಹೆಜ್ಜೆ 5: ಭಾರತದ ಕಡೆಯಲ್ಲದ ಕೊಂಬೆಗಳು

ಪ್ರಿನ್ಸಸ್ ಟೌನ್‌ನ ಮನೆಗಳಲ್ಲಿ ಒಂದೇ ಬೇರು ಇರುವುದು ಅಪರೂಪ. ಆಂಟಿಯ ದೊಡ್ಡ ಸೊಸೆಯ ತಾಯಿ 'ಕಂಪನಿ ವಿಲೇಜ್' ಕಡೆಯವರು. ಊರಿನ ಆಸುಪಾಸಿನಲ್ಲಿ ಥರ್ಡ್ ಕಂಪನಿ, ಫಿಫ್ತ್ ಕಂಪನಿ, ಸಿಕ್ಸ್ತ್ ಕಂಪನಿ ಅಂತ ಹಳ್ಳಿಗಳಿವೆ. 1812ರ ಯುದ್ಧದಲ್ಲಿ ಅಮೆರಿಕದ ತೋಟಗಳಿಂದ ತಪ್ಪಿಸಿಕೊಂಡು ಬ್ರಿಟಿಷರ ಪರ ಕಾದಾಡಿದ ಕಪ್ಪು ಸೈನಿಕರನ್ನು 1816ರಲ್ಲಿ ಇಲ್ಲಿ ತಂದು, ದಳಕ್ಕೊಂದು ಹಳ್ಳಿಯಂತೆ ನೆಲೆಗೊಳಿಸಿ, ತಲಾ 16 ಎಕರೆ ಕೊಟ್ಟರು. ಅವರ ವಂಶದವರಿಗೆ ಮೆರಿಕಿನ್ ಎಂದು ಹೆಸರು. ಇವರಿಗೆ ಬಂದಾಗಲೇ ಮನೆತನದ ಹೆಸರಿತ್ತು, ದಳದ ಹಾಜರಿ ಪಟ್ಟಿಗಳಿವೆ, ಬ್ಯಾಪ್ಟಿಸ್ಟ್ ಚರ್ಚುಗಳಿವೆ. ಹುಡುಕುವುದು ಭಾರತೀಯರಿಗಿಂತ ಸಲೀಸು ಎಂದೇ ಹೇಳುತ್ತೇನೆ.

ಗುಲಾಮಗಿರಿಯಲ್ಲಿದ್ದವರ ಕಡೆಯ ಕೊಂಬೆಗೆ ಮುಖ್ಯ ಆಧಾರ 1813ರಿಂದ 1834ರವರೆಗಿನ ಗುಲಾಮರ ರಿಜಿಸ್ಟರು. ಬ್ರಿಟಿಷ್ ವಸಾಹತುಗಳಲ್ಲಿ ಇಂಥದ್ದು ಮೊದಲು ಜಾರಿಗೆ ಬಂದದ್ದು ಟ್ರಿನಿಡಾಡಿನಲ್ಲೇ. ಹೆಸರು, ವಯಸ್ಸು, ಎತ್ತರ, ಕೆಲಸ, ಹುಟ್ಟಿದ ನಾಡು, ಮೈಮೇಲಿನ ಗುರುತು. ಎಷ್ಟೋ ಕಡೆ ತಾಯಿ ಮಕ್ಕಳ ಸಂಬಂಧವೂ ದಾಖಲಾಗಿದೆ. ಮೂಲ ಪ್ರತಿ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಟಿ 71 ಎಂಬ ಸರಣಿಯಲ್ಲಿದೆ. ವಂಶಾವಳಿ ಹುಡುಕುವ ಆ್ಯನ್‌ಸೆಸ್ಟ್ರಿ ಜಾಲತಾಣದಲ್ಲೂ ಹುಡುಕಬಹುದು. ಹುಡುಕಬೇಕಾದದ್ದು ಮಾಲೀಕನ ಹೆಸರಿನಲ್ಲಿ. ಬಿಡುಗಡೆಯಾದಾಗ ಪರಿಹಾರ ಸಿಕ್ಕಿದ್ದು ದುಡಿದವರಿಗಲ್ಲ, ಮಾಲೀಕರಿಗೆ. ಯಾರಿಗೆ ಎಷ್ಟು ಸಂದಿತು ಎನ್ನುವ ಪಟ್ಟಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ತಾಣದಲ್ಲಿ ಉಚಿತವಾಗಿದೆ. ಅಲ್ಲಿ ಎಸ್ಟೇಟಿನ ಮಾಲೀಕನನ್ನು ಹಿಡಿದು, ಅವನ ಹೆಸರಿನಿಂದ ರಿಜಿಸ್ಟರಿಗೆ ಹೋಗಿ. ಓದಲು ಮನಸ್ಸು ಗಟ್ಟಿ ಬೇಕು. ದನಕರುಗಳ ಲೆಕ್ಕ ಬರೆದ ಕೈಬರಹದಲ್ಲೇ ಮನುಷ್ಯರ ಲೆಕ್ಕವಿರುತ್ತದೆ.

ಹೆಜ್ಜೆ 6: ಚರ್ಚು, ಶಾಲೆ, ಜಮೀನು

ಹಿಂದೂ ಮನೆಯಾದರೂ ಪ್ರೆಸ್ಬಿಟೇರಿಯನ್ ಚರ್ಚಿನ ದಾಖಲೆಗಳನ್ನು ಬಿಡಬೇಡಿ. ಕೆನಡಾದ ಪಾದ್ರಿ ಜಾನ್ ಮಾರ್ಟನ್ 1868ರಲ್ಲಿ ಬಂದು ಮೊದಲು ನೆಲೆಸಿದ್ದು ಇಲ್ಲಿನ ಇಯೆರೆ ವಿಲೇಜಿನಲ್ಲಿ. ಆ ಮಿಶನ್ ಶಾಲೆಗಳಲ್ಲಿ ಓದಿದ ಹಿಂದೂ, ಮುಸ್ಲಿಂ ಮಕ್ಕಳು ಲೆಕ್ಕವಿಲ್ಲದಷ್ಟು. ಶಾಲೆಯ ದಾಖಲಾತಿ ಪುಸ್ತಕ ಉಳಿದಿದ್ದರೆ ಪೋಷಕರ ಹೆಸರು, ಹಳ್ಳಿ ಸಿಗುತ್ತವೆ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೊಸ ಹೆಸರಿನ ಪಕ್ಕ ಹಳೇ ಹೆಸರೂ ಕಾಣಬಹುದು. ಮೊದಲೇ ಫೋನ್ ಮಾಡಿ ಹೋಗಿ.

ಜಮೀನಿನ ಪತ್ರಗಳೂ ರಿಜಿಸ್ಟ್ರಾರ್ ಜನರಲ್ ಇಲಾಖೆಯಲ್ಲೇ ಇವೆ. ಅಲ್ಲಿ ಎರಡು ಪದ್ಧತಿ ಒಟ್ಟಿಗೆ ನಡೆದಿವೆ: ಹಳೇ ಕ್ರಯಪತ್ರದ್ದು ಒಂದು, ಸರಕಾರವೇ ಖಾತರಿ ಕೊಡುವ ಹಕ್ಕುಪತ್ರದ್ದು ಇನ್ನೊಂದು. ಎರಡರ ಅನುಕ್ರಮಣಿಕೆ ಬೇರೆ, ಎರಡನ್ನೂ ನೋಡಿ. ಡಬ್ಬದಲ್ಲಿದ್ದ ಕಂದಾಯದ ರಸೀದಿಯಿಂದ ನಮಗೆ ಸಿಕ್ಕ ಕ್ರಯಪತ್ರದಲ್ಲಿ ಆಜಿಯ ಗಂಡನ ಎರಡೂ ಹೆಸರು, ಅವನಪ್ಪನ ನಂಬರು ಇದ್ದವು. ಕೆಲವರಿಗೆ ವಾಪಸು ಹೋಗುವ ಹಡಗಿನ ಖರ್ಚಿನ ಬದಲು ಸರಕಾರವೇ ಜಮೀನು ಕೊಟ್ಟದ್ದಿದೆ, ಅಂಥ ಮನೆಯಾದರೆ ನಿಮ್ಮ ಅದೃಷ್ಟ.

ಹಳೇ ಪತ್ರಿಕೆಗಳಿಗೆ ನ್ಯಾಷನಲ್ ಲೈಬ್ರರಿ. ಹಿರಿಯರ ಧ್ವನಿಮುದ್ರಿತ ಮಾತುಗಳಿಗೆ ಸೇಂಟ್ ಆಗಸ್ಟೀನ್‌ನ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಗ್ರಂಥಾಲಯ.

ಹೆಜ್ಜೆ 7: ಸಮುದ್ರದ ಈಚೆ

ಪಾಸಿನಲ್ಲಿರುವ ಜಿಲ್ಲೆಯನ್ನು ಇವತ್ತಿನ ನಕ್ಷೆಯಲ್ಲಿ ಹುಡುಕುವ ಮುಂಚೆ ಅದು ಒಡೆದಿದೆಯೇ ನೋಡಿ. ಶಾಹಾಬಾದ್ 1972ರಲ್ಲಿ ಭೋಜಪುರ, ರೋಹ್ತಾಸ್ ಎಂದು ಎರಡಾಯಿತು. ಭೋಜಪುರದಿಂದ ಆಮೇಲೆ ಬಕ್ಸರ್ ಬೇರೆಯಾಯಿತು. ಆಜಂಗಢದ ಒಂದು ಭಾಗ ಈಗ ಮವು, ಬಸ್ತಿಯದೊಂದು ಭಾಗ ಸಿದ್ಧಾರ್ಥನಗರ. ಕಮಲಾ ಪರ್ಸಾದ್-ಬಿಸ್ಸೆಸ್ಸರ್ ಪ್ರಧಾನಿಯಾಗಿದ್ದಾಗ 2012ರಲ್ಲಿ ಹೋಗಿ ಬಂದ ಅವರ ಪೂರ್ವಜರ ಭೇಲುಪುರ ಇರುವುದೂ ಬಕ್ಸರ್‌ನಲ್ಲೇ.

ಹಳ್ಳಿಗಿಂತ ಠಾಣೆಯ, ಅಂದರೆ ಆ ಹಳ್ಳಿ ಸೇರಿದ ಪೊಲೀಸ್ ಠಾಣೆಯ ಸರಹದ್ದಿನ, ಹೆಸರು ಹೆಚ್ಚು ಉಪಯೋಗಕ್ಕೆ ಬರುತ್ತದೆ. ರಾಂಪುರ ಎಂಬ ಊರು ಆ ಕಡೆ ಎಷ್ಟಿವೆಯೋ, ಆದರೆ ಒಂದು ಠಾಣೆಯೊಳಗೆ ಒಂದೋ ಎರಡೋ. ಕಲ್ಕತ್ತೆಯ ಕಡೆಯ ವಲಸೆ ಕಡತಗಳಿಗೆ ಪಶ್ಚಿಮ ಬಂಗಾಳದ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್' ಜಾಲತಾಣ ನೋಡಿ. ಜನರ ಪಟ್ಟಿಗಿಂತ ಸರಕಾರಿ ಪತ್ರವ್ಯವಹಾರವೇ ಅಲ್ಲಿ ಜಾಸ್ತಿ.

ಮದ್ರಾಸಿನಿಂದ ಬಂದವರು ಕಡಿಮೆ. ದಕ್ಷಿಣದವರೆಲ್ಲ ಟ್ರಿನಿಡಾಡಿನಲ್ಲಿ 'ಮದ್ರಾಸಿ'. ಅದರಿಂದ ಮನೆಮಾತು ಯಾವುದೆಂದು ಗೊತ್ತಾಗುವುದಿಲ್ಲ. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳೇ. ನಿಮ್ಮ ಕೈಗೆ ಸಿಕ್ಕ ಪಾಸಿನಲ್ಲಿ ಇವೆರಡರಲ್ಲಿ ಒಂದು ಜಿಲ್ಲೆ ಕಂಡರೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ನನಗೂ ಒಂದು ಸಾಲು ಬರೆದು ತಿಳಿಸಿ, ಇಷ್ಟು ವರ್ಷದಲ್ಲಿ ನಾನು ಒಂದನ್ನೂ ಕಂಡಿಲ್ಲ.

ಹಳ್ಳಿಗೆ ಹೋದಾಗ ಮೊದಲ ದಿನವೇ ಜಮೀನಿನ ದಾಖಲೆ ಕೇಳಬೇಡಿ. ಪಾಲು ಕೇಳಲು ಬಂದರು ಅಂದುಕೊಳ್ಳುತ್ತಾರೆ. ಪಾಸಿನ ನಕಲು ತೋರಿಸಿ, ಅದರಲ್ಲಿರುವ ತಂದೆಯ ಹೆಸರು ಓದಿ ಹೇಳಿ, ಸುಮ್ಮನೆ ಕೂತು ಚಹಾ ಕುಡಿಯಿರಿ.

ಆಂಟಿಯ ಮುತ್ತಜ್ಜಿಯ ಠಾಣೆಯಲ್ಲಿ ಆ ಹೆಸರಿನ ಹಳ್ಳಿ ಎರಡಿವೆ. ಒಂದು ನದಿಯ ಈ ದಡದಲ್ಲಿ, ಇನ್ನೊಂದು ಸಡಕಿನ ಹತ್ತಿರ. ಬರುವ ಚಳಿಗಾಲಕ್ಕೆ ಅವರ ತಮ್ಮ ಎರಡಕ್ಕೂ ಹೋಗುವವನಿದ್ದಾನೆ. ಪಾಸಿನ ನಕಲು ಬಂದ ದಿನ ನಾನು ಅದನ್ನು ಅವರಿಗೆ ಓದಿ ಹೇಳಿದೆ. ಹಳ್ಳಿ, ಜಿಲ್ಲೆ ಯಾವುದಕ್ಕೂ ಅವರು ಮಾತಾಡಲಿಲ್ಲ. 4 ಅಡಿ 11 ಅಂಗುಲ ಅಂದಾಗ ಮಾತ್ರ ಕುರ್ಚಿಯಿಂದ ಎದ್ದು, ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು, "ಅಳತೆ ಟೇಪು ತಾ" ಅಂದರು.